ಪಕ್ಕದೂರಿನ ಸಾಕ್ಷಿ

ನಮ್ಮ ಗೈಡ್ ಬಾಯಿಂದ ಹಲ್ಲು ಸೆಟ್ಟನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಅಂಗಿಯ ಜೇಬಿಗೆ ಇಳಿಸಿದರೆಂದರೆ ಇನ್ನು ಅವರು ಮಾತಾಡುವುದಿಲ್ಲ, ಕೇಳುತ್ತಾರೆ ಎಂದು ಅರ್ಥ. ಕೆನ್ನೆಗಳು ಒಳಗೆ ಹೋಗಿ, ಗಲ್ಲ ಮೂಗಿನ ಹತ್ತಿರಕ್ಕೆ ಬಂದು, ಮುಖದಲ್ಲಿ ಎರಡು ಕಣ್ಣು ಮಾತ್ರ ದೊಡ್ಡದಾಗಿ ಉಳಿಯುತ್ತಿದ್ದವು. ಮೊದಲ ಸಲ ನನ್ನೆದುರು ಹೀಗೆ ಮಾಡಿದಾಗ ನಾನು ಓದುವುದನ್ನೇ ಮರೆತು ಬಾಯಿ ಬಿಟ್ಟುಕೊಂಡು ನೋಡಿದ್ದೆ. ತೆಗೆಯುವ ಮೊದಲು ಅವರು ಹೇಳಿದ್ದು ಇಷ್ಟು: “ಹಲ್ಲಿದ್ರೆ ನಡುವೆ ಬಾಯಿ ಹಾಕ್ತೀನಿ ಕಣಮ್ಮ. ಪಾಠ ಹೇಳಿ ಹೇಳಿ ಕೆಟ್ಟ ಬಾಯಿ ಇದು. ನೀನು ಓದು.”

ಗೈಡ್ ಎಂದರೆ ನನ್ನ ಪಿಎಚ್.ಡಿ.ಗೆ ದಾರಿ ತೋರಿಸಿದ ಪ್ರಾಧ್ಯಾಪಕರು. ಕಕ್ಕಬೆಯಲ್ಲಿ ಒಮ್ಮೆ ಒಬ್ಬ ಹೋಂಸ್ಟೇ ಮಾಲೀಕರಿಗೆ “ಇವರು ನಮ್ಮ ಗೈಡ್” ಎಂದು ಪರಿಚಯಿಸಿದಾಗ, ಅವರು ಇವರನ್ನು ಮೇಲಿಂದ ಕೆಳಗೆ ನೋಡಿ, “ಈ ವಯಸ್ಸಲ್ಲಿ ತಡಿಯಂಡಮೋಳು ಬೆಟ್ಟ ಹತ್ತಿಸ್ತೀರಾ ಸಾರ್?” ಎಂದು ಕೇಳಿದ್ದರು. ಸಾರ್ ಅರ್ಧ ದಿನ ನಕ್ಕರು. ಶನಿವಾರಸಂತೆ ಕಡೆಯ ದಿನಸಿ ವ್ಯಾಪಾರದ ಮನೆಯಲ್ಲಿ ಹುಟ್ಟಿದ ಶಿವಭಕ್ತರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಛತ್ರಿ, ಬಾಯಲ್ಲಿ ಸದಾ ಒಂದು ಲವಂಗ. ಬೇಕೆಂದೇ ಬಸ್ಸಿನ ಕೊನೆಯ ಸೀಟಿನಲ್ಲಿ ಕೂರುತ್ತಿದ್ದರು. ಅಲ್ಲಿ ಕೂತರೆ ಎಲ್ಲರ ಮಾತೂ ಕೇಳುತ್ತದೆಯಂತೆ.

ನಾನು ಕುಶಾಲನಗರದ ಹತ್ತಿರ ಶುಂಠಿ ಬೆಳೆಯುವವರ ಮಗಳು. ನಮ್ಮಜ್ಜ ಹಾಸನದ ಕಡೆಯಿಂದ ಬಂದು ನೆಲೆಸಿದವರು. ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವ ನನಗೆ ಪಿಎಚ್.ಡಿ. ಮಾಡುವ ಹುಚ್ಚು ಹಿಡಿದಾಗ ಆರಿಸಿಕೊಂಡ ವಿಷಯ ನಾಪೋಕ್ಲು ಸುತ್ತಿನ ಗದ್ದೆಗಳ ಹೆಸರು. ಅಲ್ಲಿ ಒಂದೊಂದು ಗದ್ದೆಗೂ ಒಂದೊಂದು ಹೆಸರು, ಹೆಸರಿಗೊಂದು ಕತೆ. ಮುಖ್ಯವಾಗಿ ಎರಡು ಊರುಗಳಲ್ಲಿ ಕೆಲಸ ಮಾಡಿದೆ. ನಡುವೆ ಹೊಳೆ, ಹೊಳೆಗೊಂದು ಸೇತುವೆ. ಈಚೆಯವರು, ಆಚೆಯವರು ಎಂದೇ ನಾವು ಕರೆಯುತ್ತಿದ್ದೆವು, ಅವರೂ ಹಾಗೇ ಕರೆದುಕೊಳ್ಳುತ್ತಿದ್ದರು.

ಸಾರ್‌ಗೆ ಒಂದು ಪದ್ಧತಿ ಇತ್ತು. ಯಾವ ಅಧ್ಯಾಯವನ್ನೇ ಆಗಲಿ, ಅದು ಯಾರ ಬಗ್ಗೆ ಇದೆಯೋ ಅವರ ಮುಂದೆ ಗಟ್ಟಿಯಾಗಿ ಓದಿ ಹೇಳದೆ ಅವರು ಸಹಿ ಹಾಕುತ್ತಿರಲಿಲ್ಲ. ಉಳಿದ ಗೈಡುಗಳ ವಿದ್ಯಾರ್ಥಿಗಳು ಇಮೇಲಿನಲ್ಲಿ ಅಧ್ಯಾಯ ಕಳಿಸಿ ಹಾಯಾಗಿದ್ದರು. ನಾನು ಮಾತ್ರ ಕಾಗದದ ಕಂತೆ ಹೊತ್ತುಕೊಂಡು ನಾಪೋಕ್ಲು ಬಸ್ಸು ಹತ್ತಬೇಕಿತ್ತು. ಎಷ್ಟು ಸಲ ಮನಸ್ಸಿನಲ್ಲೇ ಬೈದುಕೊಂಡಿದ್ದೇನೋ.

ಮೊದಲ ಓದು ಈಚೆಯವರಲ್ಲಿ. ಆಗಷ್ಟೇ ಎಲ್ಲರ ಮೊಬೈಲಿಗೂ ಎಐ ಬಂದಿತ್ತು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಯಂತ್ರ ಎಂದು ಕಾಲೇಜಿನಲ್ಲಿ ಅದೇ ಮಾತು. ಹೊರಡುವ ಮೊದಲು ಸಾರ್, “ಈಚೆಯವರ ಕಂಬಳಿಗದ್ದೆಗೆ ಆ ಹೆಸರು ಯಾಕೆ ಬಂತು ಅಂತ ಅದನ್ನೂ ಒಂದ್ಸಲ ಕೇಳು ನೋಡಾಣ” ಎಂದರು. ಕೇಳಿದೆ. ಕ್ಷಣದಲ್ಲಿ ಕತೆ ಬಂತು. ಹಿಂದೆ ಒಬ್ಬ ರಾಣಿ ಆ ದಾರಿಯಾಗಿ ಬಂದಳಂತೆ, ಚಳಿಯಲ್ಲಿ ನಡುಗುತ್ತಿದ್ದ ರೈತರನ್ನು ಕಂಡು ತನ್ನ ರೇಷ್ಮೆಯ ಕಂಬಳಿಯನ್ನು ಗದ್ದೆಗೆ ಹೊದಿಸಿದಳಂತೆ. ಓದಲು ಎಷ್ಟು ಚೆನ್ನಾಗಿತ್ತೆಂದರೆ ನನಗೇ ಹೊಟ್ಟೆಕಿಚ್ಚಾಯಿತು. ಸಾರ್‌ಗೆ ಖುಷಿಯೋ ಖುಷಿ. “ರಾಣಿ ಒಬ್ಳೇ ಬರೋದು ಚೆನ್ನಾಗಿರಲ್ಲ. ಅವಳ ಭುಜದ ಮೇಲೆ ಒಂದು ಕುಂಟು ಗಿಳಿ ಕೂರ್ಸು. ಇದನ್ನೂ ಅವರ ಮುಂದೆ ಓದು. ಏನಂತಾರೋ ನೋಡಾಣ” ಎಂದರು.

ಕಾಫಿ ಒಣಗಿಸುವ ಕಣದಲ್ಲಿ ಚಾಪೆ ಹಾಸಿ ಕೂತೆವು. ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಜೇನುತುಪ್ಪ, ಬೆಲ್ಲದ ಕಾಫಿ ಎಲ್ಲ ಆಯಿತು. ನಾನು ರಾಣಿಯ ಕತೆ ಓದಿದೆ. ಊರಿನ ಹಿರಿಯ ಅಜ್ಜಿಯೊಬ್ಬರು ತಲೆಯಾಡಿಸಿದರು. “ಹೌದು ಟೀಚರೇ, ಹೌದು. ನಮ್ಮತ್ತೆ ಸಹ ಹೇಳ್ತಾ ಇದ್ರು. ರಾಣಿ ಬಂದದ್ದು ಉಂಟು.”

“ಗಿಳಿ ಅಜ್ಜಿ?”

“ಗಿಳಿ ಸಹ ಉಂಟು. ಪಾಪ, ಅದಕ್ಕೆ ಕಾಲು ಸರಿ ಇರ್ಲಿಲ್ಲ.”

ಸುತ್ತ ಕೂತವರೆಲ್ಲ ಹೌದು ಹೌದು ಎಂದರು. ವಾಪಸು ಬರುವಾಗ ನನಗೆ ಅಳು ಬರುವುದೊಂದು ಬಾಕಿ. ಸುಳ್ಳಿಗೇ ಇಷ್ಟು ಒಪ್ಪಿಗೆ ಸಿಕ್ಕಿದರೆ, ಉಳಿದ ಪುಟಗಳಿಗೆ ಅವರು ಕೊಟ್ಟ ಒಪ್ಪಿಗೆಗೆ ಏನು ಬೆಲೆ? ಸಾರ್ ಹಲ್ಲು ಹಾಕಿಕೊಂಡು ಬಸ್ಸು ಅಲ್ಲಾಡುವ ಹಾಗೆ ನಕ್ಕರು. “ಅವರು ಸುಳ್ಳು ಹೇಳ್ಲಿಲ್ಲ ಕಣಮ್ಮ. ಮನೆಗೆ ಬಂದ ನೆಂಟರ ಮುಖ ಸಣ್ಣದಾಗಬಾರದು ಅಂತ ಹೂಂ ಅಂದ್ರು. ನಿನ್ನ ಮೊಬೈಲಿಗೂ ಅದೇ ಕಾಯಿಲೆ. ಕೇಳಿದವರಿಗೆ ಬೇಜಾರಾಗಬಾರದು ಅದಕ್ಕೆ. ಇವರಾದರೂ ಜೊತೆಗೆ ರೊಟ್ಟಿ ಕೊಟ್ರು.”

ಸೇತುವೆ ಕಂಡದ್ದೇ ಅವರು ನಗು ನಿಲ್ಲಿಸಿ, ಕಂಡಕ್ಟರನನ್ನು ಕೂಗಿ, ನನ್ನನ್ನು ಅಲ್ಲೇ ಇಳಿಸಿದರು. ಆಚೆಯವರ ಕಣಕ್ಕೆ ಕರೆದುಕೊಂಡು ಹೋಗಿ, ಈಚೆಯವರ ಅದೇ ಅಧ್ಯಾಯವನ್ನು ಓದು ಎಂದರು. ರಾಣಿ ಗದ್ದೆಗೆ ಕಾಲಿಡುವಷ್ಟರಲ್ಲಿ ದಪ್ಪ ಮೀಸೆಯ ಯಜಮಾನರೊಬ್ಬರು ಎದ್ದು ನಿಂತರು.

“ಎಂಥ ರಾಣಿ ಮಾರಾಯ್ರೆ! ಅವರ ಊರಿಗೆ ರಾಣಿ ಯಾಕೆ ಬರ್ಬೇಕು? ದಾರಿ ತಪ್ಪಿ ಸಹ ಬರುದಿಲ್ಲ. ಹಿಂದೆ ನಾಟಿ ಓಟದಲ್ಲಿ ಅವರ ಊರಿನವ ಕಂಬಳಿ ಪಣಕ್ಕಿಟ್ಟು ನಮ್ಮವನ ಕೈಲಿ ಸೋತ. ಮಳೆಯಲ್ಲಿ ನಡುಗ್ತಾ ಮನೆಗೆ ಹೋದ. ಅದು ಕಂಬಳಿಗದ್ದೆ!”

ನಾಟಿ ಮುಗಿದ ದಿನ ಕೆಸರುಗದ್ದೆಯಲ್ಲಿ ಓಡುವ ಓಟ ಅದು. ಸೋತವನ ಹೆಸರು, ಅವನು ಜಾರಿ ಬಿದ್ದ ಜಾಗ, ಕಂಬಳಿಯ ಅಂಚಿನ ಬಣ್ಣ, ಎಲ್ಲ ಹೊರಬಿತ್ತು. ಉಳಿದ ಗದ್ದೆಗಳ ಬಗ್ಗೆಯೂ ಅವರು ಒಂದು ಸಾಲನ್ನೂ ಸುಮ್ಮನೆ ಬಿಡಲಿಲ್ಲ. ನನ್ನ ಪೆನ್ನು ಓಡಿದ್ದೇ ಓಡಿದ್ದು. ಕೊನೆಗೆ ಸಾರ್ ಹಲ್ಲು ಹಾಕಿಕೊಂಡು, ರಾಣಿ ಮೊಬೈಲಿನವಳು, ಕುಂಟು ಗಿಳಿ ತಮ್ಮದು ಎಂದು ಒಪ್ಪಿಕೊಂಡು ಎಲ್ಲರನ್ನೂ ನಗಿಸಿದರು. ಆಮೇಲೆ ಆಚೆಯವರ ಅಧ್ಯಾಯವನ್ನು ಈಚೆ ಓದಿದೆವು. ಹೂಂಗುಟ್ಟುವ ಅಜ್ಜಿಯೂ ಆವತ್ತು ಕುಂತಲ್ಲಿ ಕೂರಲಿಲ್ಲ. ಅಲ್ಲಿಂದ ಮುಂದೆ ಒಂದು ಊರಿನ ಮಾತಿಗೆ ಪಕ್ಕದೂರಿನ ಸಾಕ್ಷಿ ಎಂಬುದೇ ನಮ್ಮ ಪದ್ಧತಿಯಾಯಿತು. ರಾಣಿಯ ಕತೆಯನ್ನೂ ಬಿಸಾಡಬೇಡ ಎಂದರು ಸಾರ್. ಸುಳ್ಳಿಗೂ ಹೇಗೆ ಒಪ್ಪಿಗೆ ಸಿಗುತ್ತದೆ ಎಂಬುದಕ್ಕೆ ಉದಾಹರಣೆಯಾಗಿ ಅದು ನನ್ನ ಬರಹದಲ್ಲಿ ಉಳಿಯಿತು. ರಾಣಿ ಯಂತ್ರದವಳು, ಗಿಳಿ ನಮ್ಮ ಗೈಡ್ ಅವರದು ಎಂದು ಸ್ಪಷ್ಟವಾಗಿ ಬರೆದಿದ್ದೆ.

ಪ್ರಬಂಧ ಮುಗಿಯಿತು. ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದೆ. ಈಗೆಲ್ಲ ಪ್ರಬಂಧವನ್ನು ಮೊದಲು ಕಂಪ್ಯೂಟರಿಗೆ ಹಾಕಿ ಬೇರೆಡೆಯಿಂದ ಕದ್ದಿದ್ದಾರೋ ಎಂದು ನೋಡುತ್ತಾರೆ. ನನ್ನ ಒಂದು ಅಧ್ಯಾಯ ಪೂರ್ತಿ ಕೆಂಪಾಗಿ ಹೊರಬಂತು. ಕೊಡಗಿನ ಗದ್ದೆಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿರುವ ಒಂದು ಪುಸ್ತಕದಿಂದ ನಾನು ಕದ್ದಿದ್ದೇನಂತೆ! ಲೇಖಕ ಯಾರೆಂದು ಯಾರಿಗೂ ಗೊತ್ತಿಲ್ಲ. ಅದೇ ಪುಸ್ತಕದ ಪಿಡಿಎಫ್ ಕೂಡ ಪುಕ್ಕಟೆಯಾಗಿ ಗುಂಪಿನಿಂದ ಗುಂಪಿಗೆ ಓಡಾಡುತ್ತಿತ್ತು. ಕಳ್ಳರ ಮನೆಗೂ ಕಳ್ಳರು ನುಗ್ಗಿದ್ದರು.

ಆಗಿದ್ದೇನೆಂದು ಊಹಿಸುವುದು ಕಷ್ಟವಿರಲಿಲ್ಲ. ಒಂದು ವಿಚಾರ ಸಂಕಿರಣದಲ್ಲಿ ನಾನು ಆ ಅಧ್ಯಾಯವನ್ನು ಓದಿದ್ದೆ. ಸಂಘಟಕರು ಎಲ್ಲರ ಪ್ರಬಂಧಗಳನ್ನೂ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅಲ್ಲಿಂದ ಯಾರೋ ಎತ್ತಿ, ಎಐಗೆ ತಿನ್ನಿಸಿ, ಅಷ್ಟಿಷ್ಟು ಉಬ್ಬಿಸಿ ಪುಸ್ತಕ ಮಾಡಿದ್ದಾರೆ. ಸಾಬೀತು ಮಾಡುವುದು ಹೇಗೆ? ಆ ಗುಂಪನ್ನು ಎಂದೋ ಅಳಿಸಿಹಾಕಿದ್ದರು. ಕೃತಿಚೌರ್ಯದ ವಿಚಾರಣೆಗೆ ನೇಮಕವಾದ ಸಮಿತಿಯ ಪ್ರೊಫೆಸರರ ಮುಂದೆ ನಾನು ರೆಕಾರ್ಡ್ ಮಾಡಿಕೊಂಡಿದ್ದ ದನಿಗಳನ್ನು ಇಟ್ಟೆ. ಅವರು ಬೇಸರದಿಂದಲೇ, “ಮೇಡಂ, ಈಗ ದನಿಯನ್ನೂ ಯಂತ್ರ ಮಾಡಿಕೊಡುತ್ತೆ. ಅವರದು ಪ್ರಕಟವಾದ ಪುಸ್ತಕ. ನಿಮ್ಮದು ಫೈಲು” ಎಂದರು. ಪದವಿ ಹೋಗುವುದು ಒಂದು ಕಡೆ ಇರಲಿ, ಕಳ್ಳಿ ಎಂಬ ಹೆಸರು ಹೊತ್ತು ತರಗತಿಯಲ್ಲಿ ನಿಲ್ಲುವುದು ಹೇಗೆ? ಆ ಪುಸ್ತಕದ ಬಣ್ಣದ ಮುಖಪುಟ ನೋಡಿದ್ದೇ ಮೈ ಉರಿದು, ನಾಲ್ಕು ಪುಟ ತಿರುವಿ ಮುಚ್ಚಿಟ್ಟಿದ್ದೆ.

ಸಾರ್ ಮಾತ್ರ ಮೊದಲಿಂದ ಕೊನೆಯವರೆಗೆ ಓದಿದರು. ಒಂದು ಪುಟದಲ್ಲಿ ನಿಂತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

“ಏನ್ ಸಾರ್? ನನ್ನ ಪ್ರಾಣ ಹೋಗ್ತಿದೆ, ನೀವು ನಗ್ತೀರಲ್ಲ!”

“ನಾನು ಹೇಳಿದ್ರೆ ಗೈಡು ಶಿಷ್ಯೆ ಪರ ವಾದ ಮಾಡ್ದ ಅಂತಾರೆ. ಪ್ರೊಫೆಸರನ್ನ ನಾಪೋಕ್ಲಿಗೆ ಕರಿ. ಆ ಪುಸ್ತಕಾನ ಅವರೇ ಅಲ್ಲಿ ಓದ್ಲಿ.”

ಪ್ರೊಫೆಸರು ಬಂದರು, ಬೇಡವೆನ್ನಲಾಗದೆ ಬಂದವರ ಹಾಗೆ. ಅಧ್ಯಾಯ ಈಚೆಯವರದು, ಹಾಗಾಗಿ ಅಲ್ಲಿಗೇ ಹೋಗೋಣ ಎಂದರು. ಸಾರ್ ತಡೆಯಲಿಲ್ಲ. ಮತ್ತೆ ಕಣ, ಚಾಪೆ, ರೊಟ್ಟಿ, ಬೆಲ್ಲದ ಕಾಫಿ. ಸಾರ್ ಹಲ್ಲು ತೆಗೆದು ಜೇಬಿಗಿಳಿಸಿದರು. ಪ್ರೊಫೆಸರು ಆ ಪುಸ್ತಕ ತೆರೆದು ಕಂಬಳಿಗದ್ದೆಯ ಪುಟವನ್ನು ಓದತೊಡಗಿದರು. ಚಳಿ, ರೈತರು, ರಾಣಿ, ರೇಷ್ಮೆಯ ಕಂಬಳಿ, ಮತ್ತು ಆ ರಾಣಿಯ ಭುಜದ ಮೇಲೆ ಒಂದು ಕುಂಟು ಗಿಳಿ.

ನಾನು ಕೂತಲ್ಲೇ ನೆಗೆದೆ. ಸುಳ್ಳು ಎಂದು ನಾನು ಬರೆದಿದ್ದ ಸಾಲನ್ನು ಬಿಟ್ಟು, ಕತೆಯನ್ನು ಮಾತ್ರ ನಿಜವೆಂದು ಎತ್ತಿಕೊಂಡಿದ್ದಾರೆ! ಬಾಯಿ ತೆರೆಯುವಷ್ಟರಲ್ಲಿ ಸಾರ್ ನನ್ನ ಕಡೆ ಕೈಯೆತ್ತಿ, ಕೂರು ಎಂದು ಸನ್ನೆ ಮಾಡಿದರು.

ಅಷ್ಟರಲ್ಲಿ ಅಜ್ಜಿ ತಲೆಯಾಡಿಸತೊಡಗಿದ್ದರು. “ಹೌದು ಸಾರ್, ಹೌದು. ಗಿಳಿ ಸಹ ಉಂಟು.” ಊರಿನ ಒಬ್ಬರು ಈ ನಡುವೆ ‘ರಾಣಿ ಕಂಬಳಿ ಹೋಂಸ್ಟೇ’ ಎಂದು ಬೋರ್ಡು ಬರೆಸಿ, ಒಂಟಿಕಾಲಿನ ಮೇಲೆ ನಿಂತ ಗಿಳಿಯ ಚಿತ್ರವನ್ನೂ ಹಾಕಿಸಿದ್ದರು. ಅದನ್ನೂ ಪ್ರೊಫೆಸರರಿಗೆ ಅಭಿಮಾನದಿಂದ ತೋರಿಸಿದರು. ಪ್ರೊಫೆಸರು ನನ್ನ ಕಡೆ ತಿರುಗಿ, “ನೀವು ಸುಳ್ಳು ಅಂತ ಬರೆದಿರೋದನ್ನ ಊರೇ ನಿಜ ಅನ್ನುತ್ತಿದೆಯಲ್ಲ ಮೇಡಂ” ಎಂದರು. ನನ್ನನ್ನು ಪ್ರೀತಿಯಿಂದ ಕಂಡ ಜನರೇ ನನ್ನ ಕತ್ತಿಗೆ ಕಲ್ಲು ಕಟ್ಟುತ್ತಿದ್ದರು, ಅದೂ ರೊಟ್ಟಿ ಬಡಿಸುತ್ತಾ.

ಸಾರ್ ಛತ್ರಿ ಎತ್ತಿ ಹೊಳೆಯ ಕಡೆ ತೋರಿಸಿ ಎದ್ದೇಬಿಟ್ಟರು. ಹಲ್ಲು ಜೇಬಿನಲ್ಲೇ. ಸೇತುವೆ ದಾಟಿ ಆಚೆಯವರ ಕಣ ಮುಟ್ಟಿದೆವು. ಹೆಂಗಸರು ಕಾಫಿ ಹಣ್ಣನ್ನು ಕಾಲಲ್ಲಿ ಹರವುತ್ತಿದ್ದರು. ಪ್ರೊಫೆಸರು ಎರಡನೇ ಸಲ ರಾಣಿಯನ್ನು ಕರೆತಂದರು. ಕರೆತಂದದ್ದಷ್ಟೇ.

“ಮತ್ತೆ ಬಂತಾ ಈ ರಾಣಿ!” ಮೀಸೆಯ ಯಜಮಾನರು ಎದ್ದರು. “ಒಂದ್ಸಲ ಬೈದು ಕಳಿಸಿದ್ದು ಸಾಲ್ದಾ? ಈಗ ಪುಸ್ತಕದಲ್ಲಿ ಬೇರೆ ಹಾಕಿಸಿದ್ದಾರಾ?”

“ಒಂದ್ಸಲ ಅಂದರೆ ಯಾವಾಗ?” ಪ್ರೊಫೆಸರು ತಲೆಯೆತ್ತಿದರು.

“ಇದೇ ಕಣದಲ್ಲಿ, ನನ್ನ ಮಗಳ ಮದುವೆ ನಿಶ್ಚಯ ಆದ ವರ್ಷ. ಈ ಟೀಚರೇ ಓದಿದ್ದು. ರಾಣಿಯನ್ನು ಇವರ ಮೊಬೈಲು ತಂದದ್ದು, ಗಿಳಿಯನ್ನು ಈ ಸಾರ್ ತಂದದ್ದು. ಹಾಗಂತ ಅವರೇ ಹೇಳಿ ನಗಾಡಿದ್ರು. ಕೇಳಿ ಬೇಕಿದ್ರೆ ಇವರನ್ನೆಲ್ಲ.”

ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಒಬ್ಬಾಕೆ ಗಿಳಿಯ ಯಾವ ಕಾಲು ಕುಂಟು ಎಂದು ಆವತ್ತು ನಡೆದ ಜಗಳವನ್ನೇ ನೆನಪಿಸಿದರು. ಮದುವೆಯಾದ ಆ ಮಗಳ ಕೂಸು ಅಂಗನವಾಡಿಗೆ ಹೋಗುತ್ತಿತ್ತು, ಆ ಹೊತ್ತಿಗೆ ಎದುರೇ ಬಂದು ನಿಂತಿತ್ತು. ಪ್ರೊಫೆಸರು ಕೂಸನ್ನು ನೋಡಿದರು, ಪುಸ್ತಕದ ಮೊದಲ ಪುಟ ತಿರುವಿ ಅದು ಹಿಂದಿನ ವರ್ಷವಷ್ಟೇ ಬಂದದ್ದೆಂದು ನೋಡಿದರು, ನನ್ನ ಪ್ರಬಂಧದ ಸಾಲನ್ನು ಮತ್ತೆ ಓದಿದರು. “ಗಿಳಿ ನಿಮ್ಮದಾ ಸಾರ್?” ಎಂದು ನಮ್ಮ ಗೈಡನ್ನು ಕೇಳಿದರು. ಸಾರ್ ಬೊಚ್ಚು ಬಾಯಿ ಅಗಲಿಸಿ ತಲೆಯಾಡಿಸಿದರು. ಅಲ್ಲಿಯವರೆಗೆ ಒಮ್ಮೆಯೂ ನಗದ ಪ್ರೊಫೆಸರು ಕಣದಲ್ಲೇ ಕುಕ್ಕರಿಸಿ ಕೂತು ನಕ್ಕರು. ನನ್ನ ಮೇಲಿನ ಆರೋಪ ಬಿದ್ದುಹೋಯಿತು, ಪದವಿಯೂ ಬಂತು.

ಆಮೇಲೆ ಪ್ರಬಂಧ ಪುಸ್ತಕವಾಯಿತು. ಮಡಿಕೇರಿಯ ಒಬ್ಬ ಸಣ್ಣ ಪ್ರಕಾಶಕರು ಧೈರ್ಯ ಮಾಡಿ ಅಚ್ಚು ಹಾಕಿಸಿದರು. ಬಿಡುಗಡೆಯಾದ ವಾರದಲ್ಲೇ ಯಾರೋ ಅದನ್ನು ಸ್ಕ್ಯಾನ್ ಮಾಡಿ ಹರಿಬಿಟ್ಟರು. ಪ್ರಕಾಶಕರು ಪಾಪ, ಕಟ್ಟು ಬಿಚ್ಚದ ಪುಸ್ತಕಗಳ ಮೇಲೆ ಕೈಯಿಟ್ಟು ಕೂತಿದ್ದರು. ನಾನು ಸಿಕ್ಕವರಿಗೆಲ್ಲ ಶಾಪ ಹಾಕುತ್ತಾ, ಗೌರವ ಪ್ರತಿಗಳನ್ನು ಹಿಡಿದು ಸಾರ್ ಜೊತೆ ಈಚೆಯವರ ಊರಿಗೆ ಹೋದೆ. ಅಜ್ಜಿ ಜಗಲಿಯಲ್ಲೇ ಕಾದಿದ್ದರು. ಚಾಪೆ ಇಲ್ಲ, ರೊಟ್ಟಿ ಇಲ್ಲ.

“ಎಂಥ ಬರ್ದಿದ್ದಿ ಮಗಳೇ ನೀನು? ಸೊಸೆ ಮೊಬೈಲಲ್ಲಿ ಓದಿ ಹೇಳಿದ್ಳು. ಪೂರಾ ತಪ್ಪು!”

“ಯಾವುದು ಅಜ್ಜಿ?”

“ಕಂಬಳಿ! ಸೋತದ್ದು ಹೌದು. ಆದ್ರೆ ಅದು ಅಲ್ಲೇ ಉಳೀಲಿಲ್ಲ. ಗೆದ್ದವನ ತಂಗಿಯನ್ನೇ ಸೋತವನಿಗೆ ಮದುವೆ ಮಾಡಿ ಕೊಟ್ರು. ಅವಳು ಬರುವಾಗ ಕಂಬಳಿ ಹೊದ್ದುಕೊಂಡೇ ಬಂದಳು. ಅವಳೇ ನಮ್ಮತ್ತೆ. ಆಚೆಯವರು ಅದನ್ನ ಹೇಳಿದ್ರಾ ನಿನಗೆ? ಹೇಳುದಿಲ್ಲ ಅವರು!”

“ಇಷ್ಟು ವರ್ಷ ನೀವ್ಯಾಕೆ ಹೇಳಲಿಲ್ಲ ಅಜ್ಜಿ?”

“ಮನೆ ವಿಷಯ ಬಂದವರ ಹತ್ರ ಎಲ್ಲ ಹೇಳುದಾ?”

ಸಾರ್ ಜಗಲಿಯ ಕಂಬ ಹಿಡಿದು ನಿಂತುಬಿಟ್ಟರು. ಅಷ್ಟು ಸಂತೋಷವನ್ನು ನಾನು ಅವರ ಮುಖದಲ್ಲಿ ಪದವಿ ಬಂದ ದಿನವೂ ಕಂಡಿರಲಿಲ್ಲ. “ಪಕ್ಕದೂರಿನ ಸಾಕ್ಷಿನೂ ಅರ್ಧವೇ ನೋಡಮ್ಮ. ಇನ್ನರ್ಧ ಬೇಕಿದ್ರೆ ಇವರ ಕೈಲಿ ಬೈಸ್ಕೋಬೇಕು. ಈಗ ನೀನು ನೆಂಟಳಲ್ಲ. ಇನ್ನು ನನ್ನ ಕೆಲಸ ಏನೂ ಇಲ್ಲ” ಎಂದರು. ಆಮೇಲೆ ನನ್ನ ಸಿಡುಕು ನೆನಪಾಗಿ, “ಕದ್ದ ಮಾಲು ಕೊನೆಗೆ ಒಡೆಯರ ಕೈಗೇ ಮುಟ್ತಲ್ಲ. ಪ್ರಕಾಶಕರ ಗತಿ ಮಾತ್ರ ನಾವು ನೋಡ್ಬೇಕು” ಎಂದರು. ಅದಕ್ಕೂ ದಾರಿಯನ್ನು ಅವರೇ ಕಂಡುಕೊಂಡರು. ಅಜ್ಜಿಯ ತಿದ್ದುಪಡಿಯನ್ನು ಪುಸ್ತಕದ ಅಂಚಿನಲ್ಲಿ ಪೆನ್ನಿನಲ್ಲಿ ಬರೆದು ಆಚೆಯವರಿಗೆ ತೋರಿಸಿದರು. ಆಚೆಯವರು ಸುಮ್ಮನಿರುತ್ತಾರೆಯೇ? ಉತ್ತರ ಬರೆಯಲು ಅವರಿಗೊಂದು ಪ್ರತಿ ಬೇಕಾಯಿತು. ಮೊಬೈಲಿನ ಅಂಚಿನಲ್ಲಿ ಪೆನ್ನು ಆಡುವುದಿಲ್ಲವಲ್ಲ. ಮನೆಗೊಂದರಂತೆ ಎರಡೂ ಊರಿಗೆ ಪುಸ್ತಕ ಹೋಯಿತು. ಪ್ರಕಾಶಕರು ಎರಡನೇ ಮುದ್ರಣದ ಮಾತೆತ್ತಿದರು.

ಕಳೆದ ವರ್ಷ ಕಾಫಿ ಹೂ ಬಿಟ್ಟ ವಾರದಲ್ಲಿ, ಮಧ್ಯಾಹ್ನದ ನಿದ್ದೆಯಲ್ಲೇ ಸಾರ್ ತೀರಿಕೊಂಡರು. ಶಿವಗಣಾರಾಧನೆಯ ದಿನ ಎರಡೂ ಊರಿನವರು ಒಂದೇ ಪಿಕಪ್ಪಿನಲ್ಲಿ ಶನಿವಾರಸಂತೆಗೆ ಬಂದರು. ಊಟವಾದ ಮೇಲೆ ಚಪ್ಪರದಲ್ಲಿ ಕೂತು, ಸಾರ್ ಯಾರನ್ನು ಹೆಚ್ಚು ಹಚ್ಚಿಕೊಂಡಿದ್ದರು ಎಂಬ ಚರ್ಚೆ ಶುರುವಾಯಿತು.

“ನಮ್ಮ ಕಾಫಿಯಂಥ ಕಾಫಿ ಕೊಡಗಿನಲ್ಲೇ ಇಲ್ಲ ಅಂತ ಹೇಳ್ತಾ ಇದ್ರು” ಎಂದರು ಮೀಸೆಯ ಯಜಮಾನರು.

“ನಮ್ಮ ಹತ್ರವೂ ಅದನ್ನೇ ಹೇಳಿದ್ದು” ಎಂದರು ಅಜ್ಜಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅಜ್ಜಿ ನನ್ನ ಕಡೆ ತಿರುಗಿದರು. “ನೀನು ಸರಿಯಾಗಿ ಹೇಳು ಮಗಳೇ. ಅವರಿಗೆ ಯಾರ ಕಾಫಿ ಇಷ್ಟ ಇತ್ತು?”

ಚಪ್ಪರದಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎರಡೂ ಕಡೆಯವರಿಗೆ ಒಪ್ಪುವ ಹಾಗೆ ಏನಾದರೂ ಸವಿಯಾಗಿ ಹೇಳಿ ಮುಗಿಸಬಹುದಿತ್ತು. ಮನಸ್ಸಾಗಲಿಲ್ಲ. ನನ್ನ ಹೆಸರನ್ನು ಉಳಿಸಿಕೊಟ್ಟವರನ್ನು ಸವಿಮಾತಿನಲ್ಲಿ ಕಳಿಸಿಕೊಡುವುದು ಹೇಗೆ?

“ಯಾರದ್ದೂ ಅಲ್ಲ ಅಜ್ಜಿ. ಸಾರ್‌ಗೆ ಕಾಫಿಯೇ ಸೇರುತ್ತಿರಲಿಲ್ಲ. ಮನೆಯಲ್ಲಿ ಟೀ ಕುಡಿಯುತ್ತಿದ್ದರು.”

ಮೊದಲು ನಕ್ಕವರು ಅಜ್ಜಿ. ಆಮೇಲೆ ಎರಡೂ ಊರು ನಕ್ಕವು, ಒಳಗಿನಿಂದ ಸಾರ್ ಮನೆಯವರೂ ಕಣ್ಣೊರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಕ್ಕರು. ಅವರು ಕಲಿಸಿದ್ದನ್ನು ನಾನು ಅವರ ಮೇಲೆಯೇ ಪ್ರಯೋಗಿಸಿದ್ದೆ. ಗುರುವಿಗೆ ಕೊಡಲು ನನ್ನ ಬಳಿ ಇದ್ದದ್ದು ಅದೊಂದೇ.